ಕೆಳಗಿನಿಂದ ತೆಗೆದ ಫೋಟೋ

ಒಂದು ಫೋಟೋ ಹುಡುಕಲು ಹೋದ ವಾರ ಬೀರುವಿನ ಮೇಲಿದ್ದ ಡಬ್ಬ ಇಳಿಸಿದೆ. ಅಪ್ಪನ ಹಳೆಯ ರೀಲ್ ಕ್ಯಾಮೆರಾದ ಚರ್ಮದ ಚೀಲ ಬಿಚ್ಚಿದೊಡನೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಇನ್ನೊಂದು ವಾಸನೆ ನೆನಪಾಯಿತು, ಬೇಯಿಸಿದ ರೇಷ್ಮೆಗೂಡಿನದು. ಹಿಂದೂಪುರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅತ್ತೆಯ ಕೈಗಳಿಗೆ ಆ ವಾಸನೆ ಅಂಟಿಕೊಂಡುಬಿಟ್ಟಿತ್ತು. ಸಂಬಂಧದಲ್ಲಿ ಅತ್ತೆಯೇನಲ್ಲ, ಬಾಯಿಮಾತಿಗೆ ಅತ್ತೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತೇನೋ... ನಾನಾಗ ಇಂಟರ್, ಅಂದರೆ ಪಿಯುಸಿ ಓದುತ್ತಿದ್ದೆ. ಸಂಜೆ ನೂಲು ಬಿಚ್ಚುವ ಕೆಲಸ ಮುಗಿಸಿ ಅತ್ತೆ ತೆಲುಗು ಸೀರಿಯಲ್ ನೋಡಲು ನಮ್ಮ ಮನೆಗೆ ಬರುತ್ತಿದ್ದರು. ನಾವು ಸೋಫಾದ ಮೇಲೆ, ಅವರು ಹೊಸ್ತಿಲ ಪಕ್ಕ ನೆಲದ ಮೇಲೆ. ಕೆಳಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಮೇಲೆ ಕೂರಿ ಎಂದೂ ಯಾರೂ ಹೇಳಿರಲಿಲ್ಲ.

ನಾವೆಲ್ಲ ಕಥೆ ನೋಡಿದರೆ ಅತ್ತೆ ಇನ್ನೇನನ್ನೋ ನೋಡುತ್ತಿದ್ದರು. ಒಂದು ದಿನ ಹೇಳಿದರು: "ನೋಡು ಅಮ್ಮಣ್ಣಿ, ದೊಡ್ಡೋರ್ನ ತೋರ್ಸೋವಾಗ ಕ್ಯಾಮೆರಾ ನೆಲದ ಮ್ಯಾಲೆ ಕೂತ್ಕಂಡು ಮ್ಯಾಲಕ್ಕೆ ನೋಡ್ತದೆ. ಬಡವರು ಬಂದ್ರೆ ಅಟ್ಟ ಹತ್ತಿ ಬಗ್ಗಿ ನೋಡ್ತದೆ."

ಅಮ್ಮ ನಕ್ಕುಬಿಟ್ಟಳು. ಅಂದಿನಿಂದ ನಾನೂ ಗಮನಿಸತೊಡಗಿದೆ. ಯಜಮಾನಿ ಮೆಟ್ಟಿಲಿಳಿದರೆ ಅವಳ ಚಪ್ಪಲಿಯಿಂದ ಶುರುಮಾಡಿ ಮುಖವನ್ನು ಮೂರು ಮೂರು ಸಲ ತೋರಿಸುತ್ತಿದ್ದರು. ಮನೆಗೆಲಸದವಳ ಪಾಲಿಗೆ ಕಾಫಿ ಲೋಟ ಹಿಡಿದ ಕೈ ಅಷ್ಟೇ. ಅತ್ತೆಯ ಮಾತು ಸುಳ್ಳಾಗಿರಲಿಲ್ಲ.

ಆ ವರ್ಷ ಅತ್ತೆಯ ಮಗಳಿಗೆ ಕಲ್ಯಾಣದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಬೆಳುಗುಪ್ಪಕ್ಕೆ ಜನ ತುಂಬಿಕೊಂಡು ಹೋಗುವ ಸರ್ವಿಸ್ ಜೀಪು ಓಡಿಸುತ್ತಿದ್ದ. ಯಾರದೋ ಮದುವೆಯಲ್ಲಿ ಮಗಳು ಅವನನ್ನು ದೂರದಿಂದ ಕಂಡು ಮೆಚ್ಚಿಕೊಂಡಿದ್ದಳು. ಇದೊಂದು ಕೂಡಿಬರಲಿ ಎಂದು ಅತ್ತೆ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತರು. ಹುಡುಗನ ತಾಯಿ, ಮೊದಲು ಫೋಟೋ ಕಳಿಸಿ ಎಂದು ಹೇಳಿಕಳಿಸಿದರು.

"ಸ್ಟುಡಿಯೋ ಬ್ಯಾಡ ಅಮ್ಮಣ್ಣಿ. ನಿಮ್ಮನೆ ಮೆಟ್ಲ ಮ್ಯಾಲೆ ನಿಲ್ಸಿ ಕೆಳಗಿಂದ ನೀನೇ ಹೊಡಿ. ನಮ್ಮುಡುಗೀನೂ ಒಂದ್ಸಲ ದೊಡ್ಡೋಳಂಗೆ ಕಾಣ್ಲಿ" ಎಂದರು ಅತ್ತೆ.

ಅಂಗಳದಲ್ಲಿ ಗೋಣಿತಾಟು ಹಾಸಿ, ಅಪ್ಪನ ಕ್ಯಾಮೆರಾ ಹಿಡಿದು ಬೋರಲು ಮಲಗಿದೆ. ಮಹಡಿ ಮೆಟ್ಟಿಲ ಮೇಲೆ, ಅಮ್ಮನ ಧರ್ಮಾವರದ ಸೀರೆಯುಟ್ಟು ಮಗಳು ಗಲ್ಲ ಎತ್ತಿ ನಿಂತಳು. ನಮ್ಮ ಮಹಡಿಯೆಂದರೆ ಒಂದು ಕೋಣೆ, ಒಂದು ನೀರಿನ ತೊಟ್ಟಿ. ತೊಳೆಸಿ ತಂದ ಫೋಟೋದಲ್ಲಿ ಮಾತ್ರ ದೊಡ್ಡ ಬಂಗಲೆ! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಅಷ್ಟು ಹೆಮ್ಮೆ.

ಹದಿನೈದು ದಿನಕ್ಕೆ ಫೋಟೋ ಹಾಗೇ ವಾಪಸ್ ಬಂತು. ಹುಡುಗನ ತಾಯಿ ಹೇಳಿಕಳಿಸಿದ ಮಾತನ್ನು ಅತ್ತೆ ಹೊಸ್ತಿಲಲ್ಲಿ ನಿಂತೇ ಹೇಳಿದರು: "ಇಂಥ ಮನೇಲಿ ಬೆಳೆದೋಳು ನಮ್ಮ ಶೀಟಿನ ಮನೇಲಿ ಬಾಳಲ್ಲ ಅಂದ್ಬುಟ್ರಂತೆ ಅಕ್ಕ."

"ಅಯ್ಯೋ, ಅದು ನಮ್ಮನೆ ಅಂತ ಹೇಳಿಕಳ್ಸಮ್ಮ" ಎಂದಳು ಅಮ್ಮ.

"ಈಗೇಳಿದ್ರೆ ಸುಳ್ಳು ತೋರ್ಸಿದ್ರು ಅಂತಾರೆ ಕಣಕ್ಕ."

ಅದೂ ನಿಜವೇ. ಹಾಗಾದರೆ ತಪ್ಪು ಯಾರದು? ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಗಿ ಅವಳೇ, ಮೆಟ್ಟಿಲು ಮೆಟ್ಟಿಲೇ. ನಾನು ಮಲಗುವ ಬದಲು ನಿಂತು ತೆಗೆದಿದ್ದರೆ ಮದುವೆ ಆಗುತ್ತಿತ್ತೇ? ಚಿಕ್ಕವರಾಗಿ ಕಂಡರೆ ಬೇಡವೆನ್ನುತ್ತಾರೆ ಎಂದು ಹೆದರಿದ್ದೆವು, ದೊಡ್ಡವರಾಗಿ ಕಂಡದ್ದಕ್ಕೇ ಬೇಡವೆಂದರು. ಇವತ್ತಿಗೂ ನನಗದು ಬಗೆಹರಿದಿಲ್ಲ...

ಮರುದಿನ ಸೀರಿಯಲ್ ಹೊತ್ತಿಗೆ ಅತ್ತೆ ಬಂದು ಅದೇ ಜಾಗದಲ್ಲಿ ಕೂತರು. ನನಗೆ ತಡೆಯಲಾಗಲಿಲ್ಲ. "ಮೇಲೆ ಬನ್ನಿ ಅತ್ತೆ" ಎಂದೆ.

"ಪರವಾಲೇದು ಬಿಡು ಅಮ್ಮಣ್ಣಿ. ಇಲ್ಲಿಂದ್ಲೇ ಚೆಂದಾಗಿ ಕಾಣ್ತದೆ."

ಆ ಮಾತಿನಲ್ಲಿ ಸಿಟ್ಟಿತ್ತೇ, ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತೇ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಮಗಳು ಮದುವೆಯಾಗಿ ಚಿಲಮತ್ತೂರಿಗೆ ಹೋದಳು, ಅತ್ತೆಯೂ ಅವಳ ಹಿಂದೆ ಹೋದರು. ಹೋದ ವಾರ ಮಗಳ ಫೋನು ಬಂತು. "ಅಮ್ಮ ಹೋಗ್ಬುಟ್ಲು ಅಮ್ಮಣ್ಣಿ. ಹಾರ ಹಾಕಕ್ಕೆ ಒಂದು ಫೋಟೋನೂ ಇಲ್ಲ. ನಿಮ್ಮ ಆ ರೀಲಿನಾಗೆ ಏನಾರ ಐತಾ ನೋಡು."

ಇತ್ತು. ಮೆಟ್ಟಿಲ ಮೇಲೆ ಮಗಳ ಫೋಟೋ ತೆಗೆದ ದಿನ, ರೀಲಿನಲ್ಲಿ ಒಂದು ಉಳಿದಿದೆಯಲ್ಲ ಎಂದು ಸಂಜೆ ಸೀರಿಯಲ್ ಹೊತ್ತಿಗೆ ಹೊಡೆದದ್ದು. ಅತ್ತೆ ಹೊಸ್ತಿಲ ಪಕ್ಕ ಕೂತು ತಲೆಯೆತ್ತಿ ನಗುತ್ತಿದ್ದಾರೆ. ನಾನು ಸೋಫಾದಿಂದ ಎದ್ದೂ ಇರಲಿಲ್ಲ. ಬಗ್ಗಿ ತೆಗೆದಿದ್ದೇನೆ, ಸೀರಿಯಲ್ಲಿನಲ್ಲಿ ಬಡವರನ್ನು ತೋರಿಸುವ ಹಾಗೇ. ಮಗಳಿಗಾಗಿ ಮಣ್ಣಿನಲ್ಲಿ ಬೋರಲು ಮಲಗಿದವಳಿಗೆ ಅತ್ತೆಯ ಮುಂದೆ ನೆಲಕ್ಕೆ ಇಳಿಯಬೇಕೆಂದು ತೋಚಲೇ ಇಲ್ಲ. ನಾಚಿಕೆಯಾಯಿತು.

ಕಳಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಬೇರೆ ಫೋಟೋ ಎಲ್ಲಿದೆ? ಕೊನೆಗೆ ಅದನ್ನೇ ಕಳಿಸಿದೆ. ಗೋಡೆಗೆ ಹಾಕುವಾಗ ಆದಷ್ಟು ಎತ್ತರದಲ್ಲಿ ಮೊಳೆ ಹೊಡಿ ಎಂದು ಹೇಳಬೇಕೆಂದಿದ್ದೆ. ಫೋನಿನಲ್ಲಿ ಅವಳು ಅಳುತ್ತಿದ್ದಳು, ಹೇಳಲಾಗಲಿಲ್ಲ.