ಹಿಂಬದಿಯಿಂದ ಓದುವವಳು

ಲೇಬಲ್ ಮುದ್ರಿಸುವ ನಮ್ಮ ಪ್ರೆಸ್ಸಿನಲ್ಲಿ ಕರಡು ನೋಡುವವಳು ನನ್ನ ಸೋದರತ್ತೆ. ಅಡ್ಡಹೆಸರು ಭೂತಗನ್ನಡಿ. ಜನ ಲೇಬಲ್ಲಿನ ಮುಂಭಾಗದ ದಪ್ಪಕ್ಷರ ನೋಡಿ ಮರುಳಾದರೆ, ಇವಳು ಹಿಂಬದಿಯ ಸಣ್ಣಕ್ಷರದಿಂದ, ಅದೂ ಕೆಳಗಿನ ಸಾಲಿನಿಂದ ಮೇಲಕ್ಕೆ, ಬೆರಳಿಟ್ಟು ಗಟ್ಟಿಯಾಗಿ ಓದುತ್ತಾಳೆ. ಮೆಷಿನ್ ಓಡಿಸುವ ನನಗೆ ಇಪ್ಪತ್ತು ವರ್ಷದಿಂದ ಈ ಪಾರಾಯಣ ಕೇಳಿ ಕೇಳಿ ಸಾಕಾಗಿತ್ತು.

ಅವತ್ತು ಜಾಮ್ ಕಂಪನಿಯ ಆರ್ಡರ್ ಬಂತು. ಆ ವರ್ಷಕ್ಕೆಲ್ಲ ಅದೇ ದೊಡ್ಡದು. ಹಳೆಯ ಲೇಬಲ್ಲಿನಲ್ಲಿ ಹಸಿರೆಲೆಯ ಕೆಳಗೆ 'ನೈಸರ್ಗಿಕ' ಎಂದಿತ್ತು. ಈಗ ಅಲ್ಲಿ 'ಸಾವಯವ' ಎಂದು ಬರಬೇಕಂತೆ. ನೈಸರ್ಗಿಕ ಎಂದು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ, ಕೇಳುವವರೇ ಕಡಿಮೆ ಎಂದು ಅತ್ತೆ ಮೊದಲಿನಿಂದಲೂ ಮೂಗು ಮುರಿಯುತ್ತಿದ್ದಳು. ಸಾವಯವದ ಮಾತೇ ಬೇರೆ. ಬೆಳೆದ ಹೊಲದಿಂದ ಬಾಟಲಿ ತುಂಬುವ ಕೋಣೆಯವರೆಗೆ ತಪಾಸಣೆ ಆಗಿರಬೇಕು, ಅದಕ್ಕೆ ಸಾಕ್ಷಿಯಾಗಿ ಪ್ರಮಾಣಪತ್ರದ ಸಂಖ್ಯೆ ಇರಬೇಕು.

ಸಂಖ್ಯೆಯೇನೋ ಇತ್ತು. ಅತ್ತೆ ಓದುತ್ತ ಅಲ್ಲಿಗೆ ಬಂದು ಗಕ್ಕನೆ ನಿಂತಳು. ಸೀದಾ ಹಳೆಯ ಮಾದರಿಗಳ ಕಪಾಟಿಗೆ ನುಗ್ಗಿ, ಧೂಳೆಬ್ಬಿಸಿ, ಬೇಳೆ ವ್ಯಾಪಾರಿಯೊಬ್ಬನ ಲೇಬಲ್ ಎಳೆದು ತಂದಳು. ಎರಡರಲ್ಲೂ ಒಂದೇ ಸಂಖ್ಯೆ! ಒಬ್ಬರಿಗೆ ಕೊಟ್ಟ ಸಂಖ್ಯೆ ಇನ್ನೊಬ್ಬರಿಗೆ ಇರುವಂತಿಲ್ಲ.

ಮಾಲೀಕರಿಗೆ ಪಿತ್ತ ನೆತ್ತಿಗೇರಿತು. ಸಂಜೆಯೊಳಗೆ ಮಾಲು ಹೋಗಬೇಕು, ನಮ್ಮ ಕೆಲಸ ಮುದ್ರಿಸುವುದು, ಪೊಲೀಸ್‌ಗಿರಿ ಅಲ್ಲ, ಅಷ್ಟು ಅನುಮಾನವಿದ್ದರೆ ಮನೆಯಲ್ಲೇ ಕೂತುಕೊಳ್ಳಿ ಎಂದುಬಿಟ್ಟರು. ಅತ್ತೆ ಜಗ್ಗಲಿಲ್ಲ.

"ಕೂತ್ಕೋತೀನಿ ಸಾರ್. ಮೊದ್ಲು ಪ್ರಮಾಣಪತ್ರ ಕೊಡೋ ಕಚೇರಿಗೆ ಒಂದು ಫೋನ್ ಮಾಡಿ. ನಂದು ತಪ್ಪಾದ್ರೆ ನಾಳೆಯಿಂದ ಬರಲ್ಲ."

ಅವಳ ಅನ್ನ ಆ ಒಂದು ಫೋನಿನ ಮೇಲೆ ನಿಂತಿತ್ತು. ಮಾಲೀಕರು ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ನಾವೆಲ್ಲ ಸುತ್ತ ನಿಂತೆವು. ಆ ಕಡೆಯವರು ಸಂಖ್ಯೆಯನ್ನು ಎರಡು ಸಲ ಕೇಳಿಕೊಂಡು, ಅದು ಬೇಳೆ ವ್ಯಾಪಾರಿಯದು, ಜಾಮ್ ಕಂಪನಿಯವರು ಅರ್ಜಿಯನ್ನೇ ಹಾಕಿಲ್ಲ ಎಂದರು. ನಾನು ಕುಣಿಯುವುದೊಂದೇ ಬಾಕಿ.

ಮಾಲೀಕರು ಮೆಷಿನ್ನಿನಿಂದ ಆ ಲೇಬಲ್ಲಿನ ಅಚ್ಚಿನ ಪ್ಲೇಟನ್ನು ತಾವೇ ಬಿಚ್ಚಿ ಇಳಿಸಿದರು. ಆರ್ಡರ್ ಕೈತಪ್ಪಿತು. ನಾನು ಬೇರೊಂದು ಲೇಬಲ್ ಹಾಕಿ ಮೆಷಿನ್ ಓಡಿಸುತ್ತಿದ್ದಾಗ ಅವರು ತಮ್ಮ ಚೀಲದಿಂದ ಹಸಿರೆಲೆಯ ಚಿತ್ರವಿದ್ದ ಬಿಸ್ಕತ್ತಿನ ಪೊಟ್ಟಣ ತೆಗೆದು ಅತ್ತೆಯ ಮೇಜಿನ ಮೇಲಿಟ್ಟರು.

"ಅಕ್ಕಾ, ಇದನ್ನೂ ಸ್ವಲ್ಪ ಓದಿ ಹೇಳಿ. ಮೊಮ್ಮಗಳು ದಿನಾ ತಿಂತಾಳೆ."

ಅತ್ತೆ ಪೊಟ್ಟಣವನ್ನು ಮಗುಚಿ, ಕೆಳಗಿನ ಸಾಲಿಗೆ ಬೆರಳಿಟ್ಟಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಆ ಪಾರಾಯಣ ಕೇಳಲೆಂದೇ ನಾನು ಮೆಷಿನ್ ನಿಲ್ಲಿಸಿದೆ.