ಖೊಟ್ಟಿಯಾಗಬೇಕಿದ್ದ ಜೀನು

ಸಿಡ್ನಿಯ ಸ್ಕೋಫೀಲ್ಡ್ಸ್‌ನಿಂದ ಮೆಲ್ಬರ್ನ್‌ವರೆಗಿನ ದಾರಿಯುದ್ದಕ್ಕೂ ವಿರುಪಾಕ್ಷ ಬೇಡಿಕೊಂಡದ್ದು ಒಂದನ್ನೇ: ಕಾರಿನ ಹಿಂದಿನ ಸೀಟಿನಲ್ಲಿರುವ ಆ ಕುದುರೆ ಜೀನು ಖೊಟ್ಟಿಯಾಗಿರಲಿ, ನಕಲಿ ಮಾಲಾಗಿರಲಿ.

ಅದನ್ನು ಕೊಂಡವನು ಅವನೇ. ಮಗಳು ಮಹಾಶ್ವೇತಾ ರೌಸ್ ಹಿಲ್ ಆಚೆಯ ಒಂದು ಲಾಯದಲ್ಲಿ ಕುದುರೆ ಸವಾರಿ ಕಲಿಯತೊಡಗಿದಾಗ, ಮೆಲ್ಬರ್ನ್‌ನ ಒಬ್ಬನಿಂದ ಸೆಕೆಂಡ್‌ಹ್ಯಾಂಡ್ ತರಿಸಿ, ಅವಳ ಮೂವತ್ತನೆಯ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ. ಹಗ್ಗ ಸುತ್ತಲು ಮುಂದೆ ಕೊಂಬಿರುವ, ಅಮೆರಿಕದ ದನಗಾಹಿಗಳ ಮಾದರಿಯ ಜೀನು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಏಳು ವಾರಗಳ ಹಿಂದೆ, ಕುದುರೆ ಓಡುತ್ತಿದ್ದಾಗ, ಜೀನನ್ನು ಅದರ ಹೊಟ್ಟೆಗೆ ಬಿಗಿಯುವ ಚರ್ಮದ ಪಟ್ಟಿ ಹರಿಯಿತು. ಮಹಾಶ್ವೇತಾ ಜೀನಿನ ಸಮೇತ ಬೇಲಿಯ ಕಂಬದ ಮೇಲೆ ಬಿದ್ದಳು. ಬೆನ್ನುಮೂಳೆ ಎರಡು ಕಡೆ ಮುರಿಯಿತು. ಎಡಗಾಲಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಬರುತ್ತದೆ ಎಂದು ಯಾವ ಡಾಕ್ಟರೂ ಹೇಳಿಲ್ಲ.

"ಖೊಟ್ಟಿ ಮಾಲು ಕೊಟ್ಟಾನ ಆ ಹಡಬಿಟ್ಟಿ" ಎಂದು ವಿರುಪಾಕ್ಷ ಏಳು ವಾರದಿಂದ ಬಂದವರಿಗೆಲ್ಲ ಹೇಳಿದ. ಮಾರಿದವನು ಫೋನಿನಲ್ಲಿ ಒಪ್ಪಲಿಲ್ಲ. ಹೆಂಡತಿ ಶ್ರೀದೇವಿ ಆ ಮಾತಿಗೆ ಒಮ್ಮೆಯೂ ಹೂಂ ಎನ್ನಲಿಲ್ಲ.

ವಿರುಪಾಕ್ಷ ಸಿಡ್ನಿಯ ರೈಲಿನ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಸುಮ್ಮನೆ ಇರುವ ವಸ್ತುವನ್ನು ಸುಮ್ಮನೆ ಬಿಟ್ಟವನಲ್ಲ. ನೆಂಟರ ಮನೆಗೆ ಹೋದರೂ ಬಾಗಿಲು ಕಿರುಗುಟ್ಟಿದರೆ ಎದ್ದು ಎಣ್ಣೆ ಕೇಳುತ್ತಿದ್ದ. ಜನ ನಗುತ್ತಿದ್ದರು. ಅವನಿಗೂ ಅದು ಹೆಮ್ಮೆಯೇ.

ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲಿ ಅವನನ್ನು ಬರಮಾಡಿಕೊಂಡ ವೆಂಕಟರಾಮ ಮೈಸೂರಿನಲ್ಲಿ ಪೊಲೀಸ್ ಕುದುರೆಗಳ ವೈದ್ಯರಾಗಿದ್ದವರು. ನಿವೃತ್ತಿಯ ಮೇಲೆ ಮಗಳ ಮನೆಗೆ ಬಂದು, ಹಳೆಯ ಜೀನುಗಳ ರಿಪೇರಿ ಕಲಿತು, ಹೆಸರು ಮಾಡಿದ್ದರು.

"ದೂರದಿಂದ ಬಂದಿದೀರಿ, ಮೊದಲು ಕಾಫಿ ಕುಡೀರಿ."

"ಕಾಫಿ ಆಮ್ಯಾಲ ಸರ್. ಖೊಟ್ಟಿ ಐತಿ ಅಂತ ಒಂದ ಸಾಲು ಬರದ ಕೊಡ್ರಿ ಸಾಕು."

"ನಾನಿನ್ನೂ ಮುಟ್ಟೇ ಇಲ್ಲ, ಆಗಲೇ ತೀರ್ಪು ತಂದ್ಬಿಟ್ಟಿದೀರಲ್ರೀ!"

ವೆಂಕಟರಾಮ ಜೀನಿನ ಕೊಂಬನ್ನು ತಮ್ಮ ಹೊಟ್ಟೆಗೆ ಆನಿಸಿಕೊಂಡು, ಹಿಂಬದಿಯ ಏರನ್ನು ಎರಡೂ ಕೈಯಿಂದ ಎದೆಯತ್ತ ಎಳೆದರು. ವಿರುಪಾಕ್ಷ ಬಗ್ಗಿ ನೋಡಿದ.

"ಅಳ್ಳಾಡತೇತೇನ್ರಿ?"

"ಊಹೂಂ. ಒಳಗಿನ ಮರದ ಚೌಕಟ್ಟು ಗಟ್ಟಿಯಾಗಿದೆ. ಬಿರುಕು ಬಿಟ್ಟಿದ್ರೆ ಇಲ್ಲೇ ಮಣೀತಿತ್ತು."

ಬೋರಲು ಹಾಕಿ, ಅಡಿಯ ತುಪ್ಪಳವನ್ನು ಬೆರಳಿನಿಂದ ಬೇರ್ಪಡಿಸಿ ನೋಡಿದರು. "ಕುರಿದೇ. ಕೂದಲು ಚರ್ಮದಿಂದ ಹುಟ್ಟಿದೆ, ಬಟ್ಟೆಗೆ ಅಂಟಿಸಿದ್ದಲ್ಲ." ಆಮೇಲೆ ಕಾಲಿನ ಬದಿಯ ಅಗಲ ಚರ್ಮವನ್ನು ಮೇಲೆತ್ತಿದರು. ಅಲ್ಲೊಂದು ಮೊಟ್ಟೆಯಾಕಾರದ ಮುದ್ರೆ. ಅಕ್ಷರಗಳ ತುಂಬ ಕೆಂಪು ಕೂತಿತ್ತು. "ಇದೇನು?"

"ಕುಂಕುಮ ರೀ. ಖಂಡೇಪೂಜಾಕ್ಕ, ಅಂದ್ರ ನಿಮ್ಮ ಆಯುಧಪೂಜಾಕ್ಕ, ಹಚ್ಚಿದ್ದು. ಕಾರಿಗೂ ಹಚ್ತೀವಿ, ಇದಕ್ಕೂ ಹಚ್ಚಿದ್ವಿ."

ವೆಂಕಟರಾಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮ ಕೆದಕಿ ತೆಗೆದರು. ತಯಾರಿಸಿದವನ ಹೆಸರು, ಟೆಕ್ಸಸ್‌ನ ಒಂದು ಊರು, ಕೆಳಗೆ ನಂಬರು ಕಾಣಿಸಿದವು. ಅವರ ಮುಖ ಅರಳಿತು. "ಫ್ಯಾಕ್ಟರಿ ಮಾಲಲ್ಲ ಸ್ವಾಮಿ! ಒಬ್ಬನೇ ಕೂತು ಮಾಡಿದ್ದು. ಐವತ್ತು ವರ್ಷ ಆಗಿರಬೇಕು. ಈ ದೇಶದಲ್ಲಿ ಇಂಥದ್ದು ನಾನು ನೋಡಿರೋದೇ ಮೂರೋ ನಾಲ್ಕೋ."

"ಹಂಗಾದ್ರ ಪಟ್ಟಿ ಯಾಕ ಹರೀತು?" ವಿರುಪಾಕ್ಷ ಕಿರುಚಿದ. "ಅದನ್ನ ನೋಡ್ರಿ! ಪಟ್ಟಿ ಖೊಟ್ಟಿ ಇರಬೇಕು, ಪಟ್ಟೀನ ಬದಲ ಮಾಡ್ಯಾನ ಅವ!"

ವೆಂಕಟರಾಮ ಹರಿದ ತುದಿಯನ್ನು ಹಿಂಡಿದರು. ಎಣ್ಣೆ ಜಿನುಗಿತು. ಚರ್ಮ ನೆನೆದ ರೊಟ್ಟಿಯಂತೆ ಎಳೆ ಬಿಟ್ಟಿತು. ಮೂಸಿ ನೋಡಿದರು.

"ಹರಳೆಣ್ಣೆ."

"ಔಡಲೆಣ್ಣಿ... ಹೌದ್ರಿ. ನಮ್ಮಜ್ಜ ಧಾರವಾಡ ಸ್ಟೇಶನ್ನಿನಾಗ ಟಾಂಗಾ ಹೊಡೀತಿದ್ದ. ಕುದುರಿ ಸಾಮಾನಿಗೆಲ್ಲ ಅದನ್ನ ತಿಕ್ಕತಿದ್ದ."

"ಎಷ್ಟು ದಿನಕ್ಕೊಂದ್ಸಲ?"

"ಅಜ್ಜ ವರ್ಷಕ್ಕ ಎರಡ ಸಲ. ನಾ ಐತಾರಕ್ಕೊಮ್ಮೆ."

"ಹಚ್ಚಿ ಎಲ್ಲಿಡ್ತಿದ್ರಿ?"

"ಗರಾಜಿನ್ಯಾಗ. ಧೂಳ ಕೂಡಬಾರದಂತ ಪ್ಲಾಸ್ಟಿಕ್ ಸುತ್ತಿ."

ವೆಂಕಟರಾಮ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಗಾಳಿಯಿಲ್ಲದೆ, ಸಿಡ್ನಿಯ ಬೇಸಿಗೆಯಲ್ಲಿ, ವಾರವಾರವೂ ಎಣ್ಣೆ ಕುಡಿದ ಚರ್ಮ ಕೊಳೆಯುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ವರ್ಕ್‌ಶಾಪಿನಲ್ಲಿ ದುಡಿದವನಿಗೆ ಅದನ್ನು ಹೇಳಬೇಕಾಗಿರಲಿಲ್ಲ. 'ಅಪ್ಪಾ, ಎಣ್ಣೆ ಸಾಕು, ಇಟ್ಸ್ ಸೋ ಸ್ಲಿಪರಿ' ಎಂದು ಮಹಾಶ್ವೇತಾ ಎಷ್ಟೋ ಸಲ ಹೇಳಿದ್ದಳು. ಅವನು ನಕ್ಕಿದ್ದ.

"ಸರ್, ನಿಮ್ಮ ಕಾಲಿಗೆ ಬೀಳತೀನಿ. ಖೊಟ್ಟಿ ಅಂತ ಬರೀರಿ. ಕೋರ್ಟಿಗೆ ಒಯ್ಯೂದಿಲ್ಲ, ಯಾರಿಗೂ ಕೊಡೂದಿಲ್ಲ. ಮಗಳಿಗಷ್ಟ ತೋರಸ್ತೀನಿ."

"ಬರೆಯೋಲ್ಲ" ಎಂದರು ವೆಂಕಟರಾಮ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತರಲು ಒಳಗೆ ಹೋದರು.

ವಿರುಪಾಕ್ಷ ಪಟ್ಟಿಯ ಹರಿದ ತುದಿಯನ್ನು ತಾನೂ ಹಿಂಡಿ ನೋಡುತ್ತಿದ್ದಾಗ ಫೋನು ಬಂತು. ಮಹಾಶ್ವೇತಾ.

"ಅಪ್ಪಾ, ವಾಟ್ ಡಿಡ್ ಹಿ ಸೇ? ಫೇಕ್ ಏನು?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದ. ಹೆಬ್ಬೆರಳಿಗೆ ಅಂಟಿದ್ದ ಎಣ್ಣೆ ಫೋನಿನ ಗಾಜಿನ ಮೇಲೆ ಜಾರಿತು.

"ಅಲ್ಲವ್ವಾ. ಅಸಲಿ ಐತಿ. ಭಾಳ ಚಲೋ ಜೀನ."

"ದೆನ್ ವೈ?"

"ಎಣ್ಣಿ" ಎಂದ. "ನಾ ಹಚ್ಚಿದ ಎಣ್ಣಿ, ನನ್ನವ್ವಾ. ಅದ ತಿಂದೇತಿ ಪಟ್ಟೀನ."

ಆ ಕಡೆ ಅವಳ ಹಾಸಿಗೆಯ ತಲೆಭಾಗವನ್ನು ಇಳಿಸುವ ಮೋಟಾರು ಗುಂಯ್‌ಗುಟ್ಟಿ ನಿಂತಿತು. "ಅಮ್ಮಾ, ಯೂ ಟಾಕ್ ಟು ಹಿಮ್" ಎಂದು ಅವಳು ಹೇಳಿದ್ದು ದೂರದಿಂದ ಕೇಳಿಸಿತು.

"ನನಗ ಗೊತ್ತಿತ್ರಿ" ಎಂದಳು ಶ್ರೀದೇವಿ. "ಆಸ್ಪತ್ರಿಯಿಂದ ಅಕೀ ಬಟ್ಟಿ ತಂದು ತೊಳೆಯುವಾಗನ ಗೊತ್ತಾಗಿತ್ತು. ಎಣ್ಣಿ ಹೋಗಲಿಲ್ಲ."

ವಿರುಪಾಕ್ಷ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ.

"ಜೀನ ಅಲ್ಲೇ ಬಿಟ್ಟ ಬರ್ರಿ" ಎಂದು ಅವಳು ಫೋನಿಟ್ಟಳು.