ಒಂದು ಅಡಿಗೆಮನೆ, ಮೂರು ಹೋಟೆಲು

ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಚೆಂಬೂರಿಗೆ ಬಂದು, ಎರಡು ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂಡುವುದು. ಸುತ್ತಮುತ್ತ ಬ್ಯಾಂಕು, ಕೋರ್ಟು, ವಕೀಲರ ಕಚೇರಿಗಳು. ಬೆಳಗಿನ ತಿಂಡಿಯಿಂದ ಸಂಜೆಯ ಕಾಫಿಯವರೆಗೆ ಜನ ಬಾಗಿಲಲ್ಲಿ ನಿಂತು ಕುರ್ಚಿಗೆ ಕಾಯುತ್ತಿದ್ದರು. ಒಳಗೆ ಒಬ್ಬೊಬ್ಬ ಸಪ್ಲೈಯರ್ ಮೂವರ ಕೆಲಸ ಮಾಡುತ್ತಿದ್ದ. ಹೊರಗೆ ಕೆಲಸ ಕೇಳಿಕೊಂಡು ಬಂದವರೂ ನಿಂತಿರುತ್ತಿದ್ದರು. ಅವರಿಗೆ ‘ಜಾಗ ಇಲ್ಲ’ ಎಂದು ಹೇಳಿ ಕಳಿಸುವುದೂ ಗಲ್ಲಾದವಳ ಕೆಲಸವೇ.

ಒಮ್ಮೆ ಕುಂದಾಪುರದ ಕಡೆಯವನೊಬ್ಬ ಬಂದ. ಇಪ್ಪತ್ತು ಮೇಜು ಒಬ್ಬನೇ ನೋಡಿಕೊಂಡವನಂತೆ. ನಾನು ಸುಮ್ಮನಿರಲಾರದೆ ಮಾಲೀಕರ ಹತ್ತಿರ ಹೋದೆ.

“ಸಾವ್ಕಾರ್ರ, ಇವ್ರನ್ನ ತಗೋರಿ. ಒಳಗ ಮಂದಿ ಸತ್ತು ಸುಣ್ಣಾಗ್ಯಾರ.”

ಮಾಲೀಕರು ಉಡುಪಿ ಕಡೆಯವರು. ದೇವರ ಪಟಕ್ಕೆ ಹೂ ಏರಿಸುತ್ತಿದ್ದವರು ತಿರುಗಿ ನನ್ನನ್ನು ಕನಿಕರದಿಂದ ನೋಡಿದರು. “ಅವನನ್ನು ತಗೊಂಡ್ರೆ ಹತ್ತು ಜನ ಆಗ್ತದೆ ಮೇಡಂ. ಹತ್ತು ಆದ್ರೆ ಎಂತ ಬರ್ತದೆ ಗೊತ್ತುಂಟಾ?”

“ಏನ್ ಬರತೈತ್ರಿ?”

“ಕಾನೂನು.”

ಡೆಂಗ್ಯೂ ಎನ್ನುವ ದನಿಯಲ್ಲಿ ಹೇಳಿದರು. ನನಗೆ ಅರ್ಥವಾಗಲಿಲ್ಲ. ನನ್ನ ಕಣ್ಣೆದುರಿಗೇ ಹತ್ತಕ್ಕಿಂತ ಎಷ್ಟೋ ಹೆಚ್ಚು ಜನ ಓಡಾಡುತ್ತಿದ್ದರು. ಅದನ್ನು ಕೇಳಿದಾಗ ಅವರು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಇದು ಒಂದು ಹೋಟೆಲಲ್ಲ, ಮೂರು. ಕೆಳಗಿನ ತಿಂಡಿಯ ವಿಭಾಗ ತಮ್ಮದು. ಮಹಡಿಯ ಮೇಲಿನ ಊಟದ ವಿಭಾಗ ಹೆಂಡತಿಯದು. ಬಾಗಿಲ ಬಳಿಯ ಜ್ಯೂಸ್ ಕೌಂಟರು ಹೆಂಡತಿಯ ತಮ್ಮನದು. ಬೋರ್ಡು ಒಂದೇ, ಕಾಗದದಲ್ಲಿ ಮೂರು. ಯಾವುದರಲ್ಲೂ ಹತ್ತನೆಯವನಿಲ್ಲ. ಹತ್ತಾದರೆ ನೋಂದಣಿ, ಸಂಬಳದ ರಜೆ, ವಿಮೆ, ಐದು ವರ್ಷ ದುಡಿದವನಿಗೆ ಗ್ರಾಚುಯಿಟಿ, ಎಲ್ಲ ಮೈಮೇಲೆ ಬರುತ್ತದೆ. ಒಂಬತ್ತಕ್ಕೆ ನಿಂತರೆ ಸರ್ಕಾರಕ್ಕೆ ಒಂದು ತಿಳಿವಳಿಕೆ ಪತ್ರ ಕಳಿಸಿದರೆ ಆಯಿತು.

ಕುಂದಾಪುರದವನಿಗೆ ‘ಜಾಗ ಇಲ್ಲ’ ಎಂದೆ. ಅವನ ಹಿಂದೆ ಗಿರಾಕಿಗಳು ಸಪ್ಲೈಯರ್ ಬರಲಿಲ್ಲವೆಂದು ಮೇಜು ಕುಟ್ಟುತ್ತಿದ್ದರು.

ಕೆಲಸಗಾರನಿಗೆ ರಕ್ಷಣೆ ಕೊಡಬೇಕೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದ ಕಾನೂನು ಇರಬೇಕು. ಆದರೆ ಬಾಗಿಲಿಗೆ ಒಂದು ಸಂಖ್ಯೆ ಅಂಟಿಸಿಬಿಟ್ಟರು. ಅಲ್ಲಿಂದ ಮುಂದೆ ನಮ್ಮ ಮಾಲೀಕರ ಬುದ್ಧಿಯೆಲ್ಲ ಆ ಸಂಖ್ಯೆಗೆ ಮೀಸಲಾಯಿತು. ಇಡ್ಲಿಯಲ್ಲಿ ಹುಳಿ ಹೆಚ್ಚಾಗಿದೆಯೆಂದರೆ ‘ನೋಡುವಾ’ ಎನ್ನುತ್ತಿದ್ದ ಮನುಷ್ಯ, ತಲೆ ಎಣಿಸುವುದರಲ್ಲಿ ಒಂದು ದಿನವೂ ತಪ್ಪಲಿಲ್ಲ.

ಈ ವಿದ್ಯೆ ಕಲಿಸಿದವರು ಒಬ್ಬ ಸಲಹೆಗಾರರು. ಬೆಳಗಾವಿ ಕಡೆಯವರು, ಕಂಕುಳಲ್ಲಿ ಚರ್ಮದ ಚೀಲ, ಹಣೆಯಲ್ಲಿ ಅಚ್ಚುಕಟ್ಟಾದ ಕುಂಕುಮ. ವಾರಕ್ಕೊಮ್ಮೆ ಬಂದು ರವಾ ಇಡ್ಲಿ ತಿಂದು, ತುಪ್ಪ ಇನ್ನೊಂದಿಷ್ಟು ಹಾಕಿಸಿಕೊಂಡು, ಕಾರ್ಮಿಕ ಕಾನೂನಿನಿಂದ ತಪ್ಪಿಸಿಕೊಳ್ಳುವ ದಾರಿ ಹೇಳಿ ಹೋಗುತ್ತಿದ್ದರು. ನನ್ನ ಮಾತು ಕೇಳಿ ಮೊದಲ ದಿನವೇ ಮುಖ ಅರಳಿಸಿದರು. “ನಮ್ಮ ಕಡೀ ಮಾತು ಕಿವಿಗೆ ಬಿತ್ತಂದ್ರ ಭಾಳ ಹಿತ ಅನಸತೈತ್ರಿ ತಂಗೀ.” ಅದೇ ಹಿತವಾದ ಭಾಷೆಯಲ್ಲಿ ಮಾಲೀಕರಿಗೆ, “ಯಾರನ್ನೂ ಒಂದ ಕಡೆ ಬೇರ ಬಿಡಾಕ ಬಿಡಬ್ಯಾಡ್ರಿ,” ಎಂದು ಉಪದೇಶಿಸಿದರು.

ಬೇರು ಬಿಡದಂತೆ ಮಾಡುವ ಉಪಾಯವೂ ಸಲೀಸು. ಒಬ್ಬ ನಾಲ್ಕು ವರ್ಷ ತಿಂಡಿಯ ಹೋಟೆಲಿನಲ್ಲಿದ್ದರೆ ಅವನಿಂದ ರಾಜೀನಾಮೆಗೆ ಸಹಿ ಹಾಕಿಸುವುದು, ಮರುದಿನ ಊಟದ ಹೋಟೆಲಿಗೆ ಹೊಸಬನಾಗಿ ಸೇರಿಸುವುದು. ಆಮೇಲೆ ಜ್ಯೂಸ್ ಕೌಂಟರಿಗೆ. ಮನುಷ್ಯ ಅದೇ, ಹೆಗಲ ಮೇಲಿನ ಟವೆಲೂ ಅದೇ. ನಮ್ಮಲ್ಲಿ ಎಲ್ಲರಿಗಿಂತ ಹಳಬನಾಗಿದ್ದ ಸಪ್ಲೈಯರ್ ಒಬ್ಬನಿದ್ದ. ಮಂಗಳೂರಿನ ಹತ್ತಿರದವನು, ತಲೆ ನರೆತಿತ್ತು. ಯಾವ ವಕೀಲನಿಗೆ ಚಹಾದಲ್ಲಿ ಸಕ್ಕರೆ ಬೇಡ, ಯಾವ ಕಾರಕೂನ ಚಟ್ನಿ ಎರಡನೇ ಸಲ ಕೇಳುತ್ತಾನೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಒಂದು ಮಧ್ಯಾಹ್ನ ಗಲ್ಲಾದ ಪಕ್ಕ ನಿಂತು ಬೆವರು ಒರೆಸಿಕೊಳ್ಳುತ್ತ ಹೇಳಿದ: “ಅಕ್ಕ, ಈ ಹೋಟೆಲಿಗೆ ನಾನು ಎಷ್ಟು ಸಲ ಹೊಸಬ ಆಗಿದ್ದೇನೆ ಗೊತ್ತುಂಟಾ? ಮದುಮಗ ಸಹ ಇಷ್ಟು ಸಲ ಹೊಸಬ ಆಗ್ಲಿಕ್ಕಿಲ್ಲ.”

ನಕ್ಕೆ. ಅವನೂ ನಕ್ಕ. ಆಗ ಅದು ನಗುವ ವಿಷಯವೇ ಆಗಿತ್ತು.

ಅಷ್ಟರಲ್ಲಿ ಲೇಬರ್ ಆಫೀಸಿಗೆ ಹೊಸ ಸಾಹೇಬರು ಬಂದಿದ್ದಾರೆ, ಮೂರು ಹೋಟೆಲಿಗೆ ಒಂದೇ ಅಡಿಗೆಮನೆ ಹೇಗೆ ಎಂದು ಕೇಳುತ್ತಿದ್ದಾರೆ ಎಂಬ ಸುದ್ದಿ ಬಂತು. ಸಲಹೆಗಾರರು ಇಡ್ಲಿಗೆ ತುಪ್ಪ ಸವರಿಕೊಳ್ಳುತ್ತ ಪರಿಹಾರ ಕೊಟ್ಟರು: “ನಡಕ ಒಂದ ಗ್ವಾಡಿ ಹಾಕ್ರಿ.”

ರಜೆಯ ದಿನ ಬೈಕುಲ್ಲಾದಿಂದ ಬಡಗಿಗಳು ಬಂದು ಅಡಿಗೆಮನೆಯ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿದರು. ಒಂದು ಕಡೆ ದೋಸೆಕಲ್ಲು, ಸಾಂಬಾರಿನ ಒಲೆ. ಇನ್ನೊಂದು ಕಡೆ ಅನ್ನ, ಪಲ್ಯ, ರುಬ್ಬುವ ಯಂತ್ರ. ಆದರೆ ಊಟಕ್ಕೂ ಸಾಂಬಾರು ಬೇಕಲ್ಲ? ಗೋಡೆಯಲ್ಲಿ ಎದೆಯ ಮಟ್ಟಕ್ಕೆ ಒಂದು ಕಿಂಡಿ ಕೊರೆದರು. ದೋಸೆ ಭಟ್ಟರು ಮರುದಿನ ಬೆಳಿಗ್ಗೆ ಬಂದವರು ಕಿಂಡಿಯೊಳಗೆ ತಲೆ ತೂರಿಸಿ, “ಸಾಂಬಾರಿಗೆ ಇನ್ನು ವೀಸಾ ಬೇಕಾಗ್ತದಾ ಧಣಿ?” ಎಂದು ಕೇಳಿದರು. ಧಣಿಗಳು ನಗಲಿಲ್ಲ. ಗಾಳಿಯಾಡುತ್ತಿದ್ದ ಒಂದೇ ಒಂದು ಕಿಟಕಿ ಗೋಡೆಯ ಆಚೆಗೆ ಹೋಗಿತ್ತು. ಈಚೆ ನಿಂತವರು ಬೆಂದರು.

ಸಾಹೇಬರು ಬಂದರು. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ಮರಾಠಿಯಲ್ಲಿ “ಛಾನ್” ಎಂದು ಮೆಚ್ಚಿದರು. ಗಂಡನ ಹೋಟೆಲಿನ ದೋಸೆಯನ್ನು ಹೆಂಡತಿಯ ಹೋಟೆಲಿನ ಪಲ್ಯದೊಂದಿಗೆ ತಿಂದು, ಭಾವಮೈದುನನ ಹೋಟೆಲಿನ ಮೋಸಂಬಿ ರಸ ಕುಡಿದು, ಮೂರೂ ಸಂಸ್ಥೆಗಳು ಬೇರೆ ಬೇರೆಯೆಂದು ಮನದಟ್ಟು ಮಾಡಿಕೊಂಡು ಹೋದರು.

ಗೋಡೆ ಬಂದು ಬಹಳ ದಿನವಾಗಿರಲಿಲ್ಲ. ಊಟದ ಹೊತ್ತು, ಮೇಲೂ ಕೆಳಗೂ ಜನ ತುಂಬಿತ್ತು. ಅಡಿಗೆಮನೆಯಿಂದ ಬಂದ ಕೂಗು ರಸ್ತೆಗೂ ಕೇಳಿಸಿರಬೇಕು. ಗಲ್ಲಾ ಹಾಗೇ ಬಿಟ್ಟು ಓಡಿದೆ. ಭಟ್ಟರು ಆಚೆಯಿಂದ ಕೊಟ್ಟ ಕುದಿಯುವ ಸಾಂಬಾರಿನ ಪಾತ್ರೆ ಕಿಂಡಿಯ ಅಂಚಿಗೆ ತಗುಲಿ ಮಗುಚಿತ್ತು. ಈಚೆಯಿಂದ ಕೈ ಚಾಚಿದ್ದ ಹಳೆಯ ಸಪ್ಲೈಯರ್ ನೆಲದ ಮೇಲೆ ಕೂತಿದ್ದ. ಬಲಗೈ ಮೊಣಕೈವರೆಗೂ ಕೆಂಪಗೆ ಸುಲಿದಿತ್ತು. ಎದೆಯ ಮೇಲೆ ಅಂಗಿ ಅಂಟಿಕೊಂಡಿತ್ತು.

ಮಾಲೀಕರ ಮುಖ ಬಿಳಿಚಿತ್ತು. ತಾವೇ ತಣ್ಣೀರು ಸುರಿದರು, ತಾವೇ ಟ್ಯಾಕ್ಸಿ ನಿಲ್ಲಿಸಿದರು. ನಾನೂ ಭಟ್ಟರೂ ಅವನನ್ನು ನಡುವೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟೆವು. ಟ್ಯಾಕ್ಸಿ ತಿರುಗುವಾಗ ಹಿಂದೆ ನೋಡಿದರೆ ಮಾಲೀಕರು ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದರು. ಯಾರಿಗೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಡಾಕ್ಟರು ಪಟ್ಟಿ ಕಟ್ಟಿ ಮುಗಿಸುವ ಮೊದಲೇ ಸಲಹೆಗಾರರು ಚೀಲ ಹಿಡಿದುಕೊಂಡು ಬಂದರು. ಗಾಯಾಳುವಿನ ಕಡೆ ತಿರುಗಿಯೂ ನೋಡದೆ ನನ್ನನ್ನು ಬದಿಗೆ ಕರೆದರು.

“ತಂಗೀ, ಸಾಂಬಾರ್ ಬೀಳೂ ಮುಂದ ಅವನ ಕಾಲ ಎಲ್ಲಿದ್ದೂ?”

“ಏನಂದ್ರಿ?”

“ಗ್ವಾಡೀ ಈ ಕಡೇನೋ, ಆ ಕಡೇನೋ?”

“ಕಾಲು ಈ ಕಡೆ. ಕೈ ಆ ಕಡೆ.”

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಕಾಲು ಹೆಂಡತಿಯ ಹೋಟೆಲಿನಲ್ಲಿ, ಕೈ ಗಂಡನ ಹೋಟೆಲಿನಲ್ಲಿ. ಆ ವರ್ಷವೋ ಅವನು ಕಾಗದದ ಮೇಲೆ ಇದ್ದದ್ದು ಭಾವಮೈದುನನ ಹೋಟೆಲಿನಲ್ಲಿ! ಅದು ನೆನಪಾದದ್ದೇ ಸಲಹೆಗಾರರ ಹುಬ್ಬು ಸಡಿಲವಾಯಿತು. “ಹಂಗಿದ್ರ ಚಿಂತಿಲ್ಲ. ಜ್ಯೂಸ್ ಕೌಂಟರಿನ ಮನಷ್ಯಾಗ ಸಾಂಬಾರ್ ಯಾಕ ಬೇಕಾಗಿತ್ರಿ? ಅದು ಅವನ ಡ್ಯೂಟೀನ ಅಲ್ಲ.”

“ನಿಮ್ಮ ಬಾಯಾಗ ಹುಳಾ ಬೀಳ್ಲಿ,” ಎಂದೆ. ತಂದೆಯ ವಯಸ್ಸಿನವರಿಗೆ ಜೀವನದಲ್ಲಿ ಮೊದಲ ಸಲ ಹಾಗೆ ಅಂದದ್ದು. ನಮ್ಮ ಕಡೆಯ ಮಾತೇ ಆದ್ದರಿಂದ ಅವರಿಗೆ ಪೂರಾ ಅರ್ಥವಾಯಿತು. ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು.

ಭಟ್ಟರು ಇದನ್ನೆಲ್ಲ ಕೇಳಿಸಿಕೊಂಡರು. ಹೋಟೆಲಿಗೆ ಮರಳಿದಾಗ ಸಂಜೆಯ ಕಾಫಿಗೆ ಜನ ನೆರೆದಿತ್ತು. ಭಟ್ಟರು ಒಳಗೆ ಹೋಗಿ ಗೋಡೆಗೆ ಭುಜ ಕೊಟ್ಟರು. ಆಚೆಯವರು ಈಚೆಯವರು ಎಲ್ಲ ಸೇರಿಕೊಂಡರು. ಗೋಡೆ ಪಾತ್ರೆಗಳ ಮೇಲೆ ಬಿದ್ದ ಸದ್ದಿಗೆ ಗಿರಾಕಿಗಳೆಲ್ಲ ಎದ್ದು ನಿಂತರು. ಒಬ್ಬ ವಕೀಲರು ಗಾಬರಿಯಿಂದ ಏನಾಯಿತೆಂದು ಕೇಳಿದರು.

“ಕುಛ್ ನಹೀಂ ಸಾಬ್,” ಎಂದೆ. “ದೋ ಹೋಟೆಲ್ ಥಾ, ಏಕ್ ಹೋ ಗಯಾ.”

ಮಾಲೀಕರು ಬೈಯಲಿಲ್ಲ. ಜ್ಯೂಸ್ ಕೌಂಟರಿನ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದರು. ಆಸ್ಪತ್ರೆಗೆ ದಿನಾ ಗಂಜಿ ಕಳಿಸಿದರು, ಎಳನೀರು ಕಳಿಸಿದರು. ಆದರೆ ‘ಇವನು ನಮ್ಮವನು’ ಎಂಬ ಒಂದು ಮಾತನ್ನು ಯಾವ ಕಾಗದದ ಮೇಲೂ ಬರೆದುಕೊಡಲು ಒಪ್ಪಲಿಲ್ಲ. ಅವರು ಪೂರಾ ಕೆಟ್ಟವರಾಗಿದ್ದರೆ ನನಗೆ ಬೈಯಲು ಎಷ್ಟೋ ಸುಲಭವಾಗುತ್ತಿತ್ತು.

ಗಾಯ ಮಾಗಿತು, ಬೆರಳುಗಳು ಮಡಚಲಿಲ್ಲ. ತಟ್ಟೆ ಹಿಡಿಯಲಾರದ ಸಪ್ಲೈಯರನಿಗೆ ಮೂರು ಹೋಟೆಲುಗಳಲ್ಲಿ ಒಂದರಲ್ಲೂ ಜಾಗವಿರಲಿಲ್ಲ. ಅವನು ಲೇಬರ್ ಆಫೀಸಿಗೆ ದೂರು ಕೊಟ್ಟ. ಸಾಕ್ಷಿ ಹೇಳಲು ನಾನು ಹೋದೆ. ದಿನಾ ಇವನು ಇಲ್ಲೇ ಕೆಲಸ ಮಾಡುತ್ತಿದ್ದ, ತಿಂಡಿಗೂ ಊಟಕ್ಕೂ ಇವನೇ ಓಡಾಡುತ್ತಿದ್ದ ಎಂದು ನನಗೆ ತಿಳಿದಷ್ಟು ಹಿಂದಿಯಲ್ಲಿ ಹೇಳಿದೆ. ಸಲಹೆಗಾರರು ಎದ್ದುನಿಂತು ಅಧಿಕಾರಿಗೆ ನಮಸ್ಕರಿಸಿ, ಈ ಹೆಂಗಸು ಯಾವ ಹೋಟೆಲಿನ ನೌಕರಳೆಂದು ಕೇಳಿ ಸಾಹೇಬ್ ಎಂದರು.

“ತಿಂಡಿಯ ಹೋಟೆಲು,” ಎಂದೆ ಧೈರ್ಯವಾಗಿ.

“ಇಲ್ಲ ಸಾಹೇಬ್,” ಎಂದರು ಸಲಹೆಗಾರರು. “ಇವರು ನಮ್ಮಲ್ಲಿ ಯಾರ ನೌಕರರೂ ಅಲ್ಲ. ಮಾಲೀಕರ ಮನೆಯ ಪರಿಚಯದವರು. ಆಗಾಗ ಬಂದು ಕೂಡುತ್ತಾರೆ.”

ಒಂಬತ್ತನ್ನು ಒಂಬತ್ತಾಗಿಯೇ ಇಡುವುದಕ್ಕೆ ನನ್ನನ್ನು ಮೊದಲ ದಿನದಿಂದಲೂ ಎಣಿಕೆಯಿಂದ ಹೊರಗಿಟ್ಟಿದ್ದರು. ವರ್ಷಗಟ್ಟಲೆ ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ನಜ್ಜುಗುಜ್ಜಾಗಿ ಬಂದು, ಮಕ್ಕಳ ಜ್ವರದಲ್ಲೂ ರಜೆ ಕೇಳಲು ಹೆದರಿ ನಾನು ಮಾಡುತ್ತಿದ್ದದ್ದೆಂದರೆ ಪರಿಚಯದವರಲ್ಲಿ ಆಗಾಗ ಬಂದು ಕೂಡುವುದು! ಮಾಲೀಕರನ್ನು ನೋಡಿದೆ. ಅವರು ಫ್ಯಾನನ್ನು ನೋಡುತ್ತಿದ್ದರು. ಅಧಿಕಾರಿ ಪೆನ್ನು ಕೆಳಗಿಟ್ಟು, ಹಾಗಿದ್ದರೆ ಇವರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಯೋಚಿಸಬೇಕಾಗುತ್ತದೆ ಎಂದು ಮುಂದಿನ ತಾರೀಖು ಕೊಟ್ಟರು.

ಹೊರಗೆ ಮೆಟ್ಟಿಲ ಹತ್ತಿರ ಮಾಲೀಕರು ನನ್ನ ಬಳಿ ಬಂದರು. “ನಾಳೆಯಿಂದ ಬರುವುದು ಬೇಡ ಮೇಡಂ. ಕೆಲಸದಿಂದ ತೆಗೆದೆ ಅಂತ ತಿಳ್ಕೊಳ್ಬೇಡಿ.”

“ತಗೀಲಿಕ್ಕೆ ನಾ ಎಲ್ಲಿದ್ನಿರಿ ಸಾವ್ಕಾರ್ರ?” ಎಂದೆ.

ಭಟ್ಟರು ತಾವಾಗಿಯೇ ಬಿಟ್ಟರು. ಅವರು ಹೊರಬಿದ್ದ ಸುದ್ದಿ ಹರಡಿದ್ದೇ ಎರಡು ಹೋಟೆಲಿನವರು ಮನೆ ಹುಡುಕಿಕೊಂಡು ಬಂದರಂತೆ. ಅಂಥ ಕೈಯಿದ್ದವರಿಗೆ ಯಾವ ಕಾನೂನಿನ ಆಸರೆಯೂ ಬೇಕಿಲ್ಲ. ಆಸರೆ ಬೇಕಿದ್ದ ಹಳೆಯ ಸಪ್ಲೈಯರ್ ತಾರೀಖಿನಿಂದ ತಾರೀಖಿಗೆ ಅಲೆದ. ಕೊನೆಗೊಂದು ಭಾನುವಾರ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

“ಅಕ್ಕ, ರಾಜಿ ಆಯ್ತು. ಕೇಸು ವಾಪಸು ತಗೊಂಡೆ. ಧಣಿ ಕೆಲಸ ಕೊಡ್ತಾರಂತೆ.”

“ಚಲೋ ಆತಲ್ಲ. ಏನ್ ಕೆಲಸ?”

ಅವನು ತಲೆ ಎತ್ತಲಿಲ್ಲ. “ಗಲ್ಲಾದ ಮೇಲೆ. ನಿಮ್ಮ ಜಾಗದಲ್ಲಿ. ಹೊಸಬ ಅಂತ ಬರ್ಕೊಂಡಿದ್ದಾರೆ.”

ನನಗೆ ಸಿಟ್ಟು ಉಕ್ಕಿ ಬಂತು. ಇಷ್ಟು ವರ್ಷದ ದುಡಿತ, ಸುಟ್ಟ ಕೈ, ನಾನು ತಿಂದ ಅವಮಾನ, ಎಲ್ಲ ಸೇರಿ ಸಂಪಾದಿಸಿದ್ದು ಇದೇ? ಕೇಸು ಯಾಕೆ ಬಿಟ್ಟೆ ಎಂದು ಗದರಿದೆ. ಅವನು ಸಮಾಧಾನದಿಂದ, “ಕೇಸು ಗೆಲ್ಲುವಾಗ ನನಗೆ ಎಷ್ಟು ಪ್ರಾಯ ಆಗಿರ್ತದೆ ಅಕ್ಕ? ಮಗಳ ಕಾಲೇಜು ಉಂಟು. ನೀವು ಬೇಡ ಅಂದ್ರೆ ಹೋಗುದಿಲ್ಲ,” ಎಂದ. ಬೇಡ ಎನ್ನಲು ನಾನು ಯಾರು? ಚಹಾ ಕುಡಿಸಿ ಕಳಿಸಿದೆ. ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದ.

ಈಚೆಗೆ ಆ ಹತ್ತರ ಸಂಖ್ಯೆಯನ್ನು ಏರಿಸಿದ್ದಾರೆ. ಕಾನೂನು ಸಡಿಲವಾದರೆ ಮಾಲೀಕರು ಕೈ ಬಿಚ್ಚಿ ಜನರನ್ನು ತೆಗೆದುಕೊಳ್ಳುತ್ತಾರೆ, ಬೇಕಾದಷ್ಟು ಕೆಲಸ ಹುಟ್ಟುತ್ತದೆ ಎಂದು ಟಿ.ವಿ.ಯಲ್ಲಿ ಕೋಟು ಹಾಕಿದವರು ಹೇಳಿದರು. ಬಡವರ ರಕ್ಷಣೆ ಹೋಯಿತೆಂದು ಇನ್ನೊಬ್ಬರು ಅರಚಿದರು. ಇದ್ದ ರಕ್ಷಣೆಯನ್ನು ನಾನು ಕಂಡಿದ್ದೆ. ಹುಟ್ಟಲಿರುವ ಕೆಲಸವನ್ನೂ ನೋಡಿಬಿಡೋಣವೆಂದು, ಬ್ಯಾಂಕಿನ ಕೆಲಸವಿದ್ದ ದಿನ, ಆ ಹೋಟೆಲಿಗೆ ಹೋದೆ.

ಹೋಟೆಲು ಹೊಳೆಯುತ್ತಿತ್ತು. ಕುರ್ಚಿಗಳೇ ಇರಲಿಲ್ಲ, ನಿಂತು ತಿನ್ನುವ ಎತ್ತರದ ಮೇಜುಗಳು. ಒಬ್ಬನೇ ಒಬ್ಬ ಸಪ್ಲೈಯರನೂ ಕಾಣಲಿಲ್ಲ. ವಕೀಲರೂ ಕಾರಕೂನರೂ ಕೂಪನ್ ಹಿಡಿದು ಸಾಲು ನಿಂತು, ತಾವೇ ತಟ್ಟೆ ಎತ್ತಿಕೊಂಡು, ತಾವೇ ಸಾಂಬಾರು ಬಡಿಸಿಕೊಂಡು, ತಿಂದ ತಟ್ಟೆಯನ್ನು ತಾವೇ ಬುಟ್ಟಿಗೆ ಹಾಕುತ್ತಿದ್ದರು. ಗಿರಾಕಿಯನ್ನೇ ಕೆಲಸಕ್ಕೆ ಹಚ್ಚಿದರೆ ಅವನನ್ನು ಎಣಿಸುವ ಕಾನೂನು ಇನ್ನೂ ಬಂದಿಲ್ಲ. ನಮ್ಮ ಸಲಹೆಗಾರರ ತಲೆಗೂ ಹೊಳೆಯದ ಉಪಾಯ.

ಗಲ್ಲಾದ ಮೇಲಿದ್ದವನು ನನ್ನನ್ನು ಕಂಡು ಅರ್ಧ ಎದ್ದ. ಮಕ್ಕಳು ಹೇಗಿದ್ದಾರೆಂದು ಕೇಳಿದ. ಮಗಳಿಗೆ ಒಂದು ಕಂಪನಿಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಕೆಲಸ ಸಿಕ್ಕಿದೆ, ಅದು ಮುಗಿದರೆ ಮತ್ತೆ ಹೊಸಬಳೆಂದು ಬರೆದುಕೊಳ್ಳುತ್ತಾರೆ ಎಂದು ಸಂತೋಷದಿಂದಲೇ ಹೇಳಿದ. ಹಿಂದಿನವರು ಅವಸರಿಸಿದ್ದರಿಂದ ಹೆಚ್ಚು ಮಾತಾಡಲಾಗಲಿಲ್ಲ. ಕೂಪನ್ ತೆಗೆದುಕೊಂಡು ಇಡ್ಲಿಯ ಸಾಲಿಗೆ ಹೋಗಿ ನಿಂತೆ.